ಲೈಟು ಹತ್ತಿತು, ಕಂಬ ಜುಂ ಅಂದಿತು

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೊಪ್ಪಳದ ಕಡೆಯವನು. ಹೋದ ಮೇ ತಿಂಗಳ ಒಂದು ಸಂಜೆ, ಜೋರು ಮಳೆ ಸುರಿದು ನಿಂತಿತ್ತು. ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದ ನನ್ನ ಹತ್ತಿರ ಬಂದು ಹೇಳಿದ: "ಸರ, ಆ ಐದನೇ ಕಂಬ ಮುಟ್ಟಿದ್ರ ಕೈ ಜುಂ ಅಂತೈತ್ರಿ." ನನ್ನ ಮುಖ ನೋಡಿ ಸಮಾಧಾನವನ್ನೂ ಅವನೇ ಹೇಳಿದ: "ಭಾಳ ಏನಿಲ್ರಿ, ಸ್ವಲ್ಪ."

ಈ 'ಸ್ವಲ್ಪ'ದ ಕಥೆಯೇ ಈ ವಾರದ ಅಂಕಣ.

ನಮ್ಮದು ಬೆಂಗಳೂರಿನ ಬಸವೇಶ್ವರನಗರದ ಹಳೇ ಕಟ್ಟಡ. ಪಕ್ಕದ ಖಾಲಿ ಜಾಗದಲ್ಲಿ ತೆರೆದ ಪಾರ್ಕಿಂಗ್, ಅದರ ಉದ್ದಕ್ಕೂ ಆರು ಲೈಟ್ ಕಂಬ. ಏಪ್ರಿಲ್‌ನ ಮೊದಲ ಮಳೆಗೇ ಆರೂ ಆರಿಹೋದವು. ಬೋರ್ಡ್ ತೆಗೆದು ನೋಡಿದರೆ ಆರ್‌ಸಿಸಿಬಿ ಎಂಬ ರಕ್ಷಣೆಯ ಸ್ವಿಚ್ಚು ಬಿದ್ದಿತ್ತು. ಎತ್ತಿದರೆ ಮತ್ತೆ ಟಕ್ ಅಂತ ಬೀಳುತ್ತಿತ್ತು. ಮಾರನೇ ದಿನ ಬಿಸಿಲು ಬಿದ್ದ ಮೇಲೆ ಎತ್ತಿದರೆ ನಿಂತಿತು. ಮತ್ತೆ ಮಳೆ, ಮತ್ತೆ ಕತ್ತಲೆ. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಕಾರಿಗೆ ಗೀರು ಬಿದ್ದವರು, ಹಾವು ಕಂಡವರು, ಕಾಣದೆಯೂ ಹೆದರಿದವರು ಎಲ್ಲರೂ ಮಾತಾಡತೊಡಗಿದರು.

ಮೊದಲು ಬಂದ ಎಲೆಕ್ಟ್ರಿಷಿಯನ್ "ಆರ್‌ಸಿಸಿಬಿ ವೀಕ್ ಆಗಿದೆ" ಎಂದು ಹೊಸದು ಹಾಕಿದ. ಹೊಸದೂ ಬಿತ್ತು. ಎರಡನೆಯವನು ಬಂದು ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಂಡ. "ಡೈರೆಕ್ಟ್ ಕೊಟ್ಬಿಟ್ಟಿದೀನಿ ಸಾರ್, ಇನ್ನು ಟ್ರಿಪ್ ಅನ್ನೋ ಮಾತೇ ಇಲ್ಲ." ಆರೂ ದೀಪ ಉರಿದವು. ಗುಂಪಿನಲ್ಲಿ ಚಪ್ಪಾಳೆ ಚಿತ್ರಗಳ ಸುರಿಮಳೆ. ನಾನೂ ಒಂದು ಹಾಕಿದ್ದೆ, ಒಪ್ಪಿಕೊಳ್ಳಬೇಕು. ಎಂಟು ದಿನದ ನಂತರ ವಾಚ್‌ಮನ್ ಬಂದು ಜುಂ ಅಂದ.

ಎರಡನೇ ಮಹಡಿಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿ ನಿವೃತ್ತರಾದವರು. ಮೀಟಿಂಗಿಗೆ ಬರುವುದಿಲ್ಲ, ವಾಟ್ಸಾಪ್ ಗುಂಪಿನಲ್ಲೂ ಇಲ್ಲ. ಅವರ ಬಾಗಿಲು ತಟ್ಟಿದೆ. ಕೆಳಗೆ ಬಂದು ಬೋರ್ಡ್ ತೆಗೆದು ನೋಡಿದವರು ನನ್ನ ಕಡೆ ತಿರುಗಿದರು. "ರಾತ್ರಿ ನಾಯಿ ಬೊಗಳ್ತಾ ಇತ್ತು. ಕಳ್ಳ ಬಂದಿದಾನಾ ಅಂತ ನೋಡೋದು ಬಿಟ್ಟು ನಾಯೀನೇ ಓಡಿಸಿ ಮಲಗಿದೀರಲ್ರೀ!" ನಾಯಿ ಅಂದದ್ದು ಆರ್‌ಸಿಸಿಬಿಗೆ; ಎರಡನೆಯವನು ಅದನ್ನು ತಪ್ಪಿಸಿ ಲೈನ್ ಕೊಟ್ಟಿದ್ದ. ಮೇಷ್ಟ್ರು ಮೊದಲು ಮಾಡಿದ ಕೆಲಸ, ಆ ಸರ್ಕ್ಯೂಟಿನ ಮೇನ್ ಆಫ್ ಮಾಡಿದ್ದು. ಅವತ್ತು ರಾತ್ರಿ ಪಾರ್ಕಿಂಗ್ ಪೂರ್ತಿ ಕತ್ತಲೆ. ಗುಂಪಿನಲ್ಲಿ ಮತ್ತೆ ಗಲಾಟೆ. ಮೇಷ್ಟ್ರಿಗೆ ಅದರ ಗೊಡವೆ ಇಲ್ಲವಲ್ಲ.

ಆರ್‌ಸಿಸಿಬಿ ಅನ್ನುವುದು ಲೆಕ್ಕದ ಗುಮಾಸ್ತನಿದ್ದ ಹಾಗೆ. ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಸದಾ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪ್ ಖೋತಾ ಬಂತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಖೋತಾ ಬಂದ ಕರೆಂಟು ಎಲ್ಲಿಗೋ ಸೋರುತ್ತಿದೆ: ಒದ್ದೆ ಗೋಡೆಗೋ, ಕಬ್ಬಿಣದ ಕಂಬಕ್ಕೋ, ಮನುಷ್ಯನ ಮೈಗೋ. ಅದರ ಪಕ್ಕದಲ್ಲೇ ಇರುವ ಎಂಸಿಬಿಗೆ ಈ ಲೆಕ್ಕ ಗೊತ್ತಿಲ್ಲ. ವೈರು ಸುಟ್ಟುಹೋಗುವಷ್ಟು ಕರೆಂಟು ಹರಿದರೆ ಮಾತ್ರ ಅದು ಬೀಳುವುದು.

ಮೇಷ್ಟ್ರು ನನ್ನ ಕೈಗೆ ಪೆನ್ನು ಕೊಟ್ಟು ಒಂದು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಮಾಡಿಸಿದರು. ನೇರ ಫೇಸ್ ತಂತಿಯೇ ಕಂಬಕ್ಕೆ ತಗುಲಿತು ಅಂದುಕೊಳ್ಳಿ. ಕಂಬದ ಅರ್ಥಿಂಗ್ ಕೆಟ್ಟು ಅದರ ರೆಸಿಸ್ಟೆನ್ಸ್ 20 ಓಮ್ ಆಗಿದೆ. 230 ವೋಲ್ಟನ್ನು 20ರಿಂದ ಭಾಗಿಸಿ. ಹನ್ನೊಂದೂವರೆ ಆಂಪಿಯರ್. ನಮ್ಮ ಪಾರ್ಕಿಂಗ್ ಲೈನಿನ ಎಂಸಿಬಿ 16 ಆಂಪಿಯರಿನದು, ಅದು ಮಿಸುಕುವುದಿಲ್ಲ. ದೀಪ ಉರಿಯುತ್ತದೆ, ಮೀಟರ್ ಓಡುತ್ತದೆ, ಕಂಬ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್ ಹೊತ್ತು ನಿಂತಿರುತ್ತದೆ. ಮನುಷ್ಯನ ಎದೆಯ ಮೂಲಕ 100 ಮಿಲಿಆಂಪ್, ಅಂದರೆ ಆಂಪಿಯರಿನ ಹತ್ತನೇ ಒಂದು ಭಾಗ ಹಾದರೂ ಪ್ರಾಣ ಹೋಗಬಹುದು. "ಈಗ ಹೇಳಿ, ಸ್ವಲ್ಪ ಅಂದ್ರೆ ಎಷ್ಟು?" ಎಂದರು.

ವಾಚ್‌ಮನ್ನನಿಗೆ ಬರೀ ಜುಂ ಅಂದದ್ದೇಕೆ? ಅವನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅಷ್ಟೇ. ಸಂಜೆ ಅಲ್ಲೇ ಮಕ್ಕಳು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ. ಐದನೇ ಕಂಬವೇ ಅವರ ವಿಕೆಟ್ಟು.

ಇದು ಹೆದರಿಸಲು ಕಟ್ಟಿದ ಮಾತಲ್ಲ. 2022ರ ಸೆಪ್ಟೆಂಬರ್ 5ರ ರಾತ್ರಿ ಈ ಊರಿನ ಇನ್ನೊಂದು ತುದಿಯಲ್ಲಿ, ವೈಟ್‌ಫೀಲ್ಡ್ ಕಡೆಯ ಸಿದ್ದಾಪುರದಲ್ಲಿ ಮಳೆನೀರು ನಿಂತ ರಸ್ತೆಯಲ್ಲಿ 23ರ ಯುವತಿಯೊಬ್ಬಳ ಸ್ಕೂಟರ್ ಜಾರಿತು. ಬೀಳದಿರಲೆಂದು ಪಕ್ಕದ ಕಂಬ ಹಿಡಿದಳು. ಕಂಬದಲ್ಲಿ ಕರೆಂಟಿತ್ತು. ಮುಂದಿನ ವರ್ಷ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿಯ ಹೋಪ್‌ಫಾರ್ಮ್ ಜಂಕ್ಷನ್ನಿನ ಫುಟ್‌ಪಾತಿನಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿಯೂ ಕಂಕುಳಲ್ಲಿದ್ದ ಕೂಸೂ ಹೋದರು. ಎರಡೂ ಸಲ ನಾವು ಟಿವಿ ಮುಂದೆ ಕೂತು ವ್ಯವಸ್ಥೆಯನ್ನು ಬೈದೆವು. ನಮ್ಮ ಕಾಂಪೌಂಡಿನೊಳಗೆ ನಾವೇ ವ್ಯವಸ್ಥೆ ಎಂಬುದು ನನಗೆ ಹೊಳೆದದ್ದು ಹೋದ ಮೇ ತಿಂಗಳಲ್ಲಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹುಡುಕಾಟ ಶುರು. ಮೇಷ್ಟ್ರು ತಮ್ಮ ಹಳೇ ಶಿಷ್ಯನನ್ನು ಕರೆಸಿದ್ದರು, ಲೈಸೆನ್ಸ್ ಇರುವ ಕಂಟ್ರಾಕ್ಟರ್. ಮೇನ್ ಆಫ್ ಮಾಡಿದ್ದಷ್ಟೇ ಅಲ್ಲ, ಬೋರ್ಡಿನ ಮುಂದೆ ಕುರ್ಚಿ ಹಾಕಿ ವಾಚ್‌ಮನ್ನನನ್ನು ಕೂರಿಸಿದರು. "ಯಾರು ಬಂದು ಏನೇ ಹೇಳಲಿ, ಪ್ರೆಸಿಡೆಂಟ್ರೇ ಬರಲಿ, ನಾನು ಹೇಳೋವರೆಗೂ ಸ್ವಿಚ್ ಮುಟ್ಟಗೊಡಬೇಡಪ್ಪ." ಅರ್ಧ ಗಂಟೆಯಲ್ಲಿ ಪ್ರೆಸಿಡೆಂಟರು ನಿಜಕ್ಕೂ ಬಂದರು, ಬೋರ್‌ವೆಲ್ ಮೋಟಾರ್ ಹಾಕಲು. ವಾಚ್‌ಮನ್ ಎದ್ದು ನಿಂತು ನಮಸ್ಕಾರ ಮಾಡಿದ, ಬೋರ್ಡಿಗೆ ಅಡ್ಡವಾಗಿ.

ಮೊದಲ ಪ್ರಶ್ನೆ ದೀಪ ಎಲ್ಲೆಲ್ಲಿ ಆರಿದೆ ಎಂಬುದು. ಎಲ್ಲವೂ ಆರಿದ್ದರೆ ತಪ್ಪು ಬೋರ್ಡಿನ ಕಡೆ ಇರಬಹುದು, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಬೀಳಿಸುವ ಸೋರಿಕೆ. ಒಂದೇ ಆರಿದ್ದರೆ ಆ ಫಿಟ್ಟಿಂಗಿನದು. ನಾಲ್ಕರಿಂದ ಮುಂದೆ ಆರಿದ್ದರೆ ಮೂರು-ನಾಲ್ಕರ ನಡುವೆ ಕೇಬಲ್ ಹೋಗಿದೆ, ಅಲ್ಲಿ ಇತ್ತೀಚೆಗೆ ಯಾರು ಗುಂಡಿ ತೋಡಿದರು ಎಂದು ಕೇಳಿದರೆ ಸಾಕು. ನೀರಿನ ಪೈಪಿನವರೋ, ಇಂಟರ್‌ನೆಟ್ಟಿನವರೋ, ಯಾರೋ ಒಬ್ಬರು ತೋಡಿಯೇ ಇರುತ್ತಾರೆ.

ನಮ್ಮದು ಸೋರಿಕೆ. ಆರು ಕಂಬಕ್ಕೂ ನೆಲದಡಿಯ ಕೇಬಲ್ ಒಂದರಿಂದ ಒಂದಕ್ಕೆ ಸರಪಳಿಯಂತೆ ಹೋಗುತ್ತದೆ. ಆರ್‌ಸಿಸಿಬಿಯನ್ನು ಮತ್ತೆ ಅದರ ಜಾಗಕ್ಕೆ ಜೋಡಿಸಿದರು. ಮೂರನೇ ಕಂಬದಲ್ಲಿ ನಾಲ್ಕಕ್ಕೆ ಹೋಗುವ ಫೇಸು, ನ್ಯೂಟ್ರಲ್ ಎರಡನ್ನೂ ಬಿಚ್ಚಿ ಮೇನ್ ಹಾಕಿಸಿದರು. ನಿಂತಿತು. ಅಂದರೆ ಮೊದಲ ಮೂರು ಸದ್ಯಕ್ಕೆ ಸಾಚಾ. ಮೇನ್ ಆಫ್, ನಾಲ್ಕನೆಯದು ಸೇರಿತು, ಮೇನ್ ಆನ್. ನಿಂತಿತು. ಐದನೆಯದು ಸೇರಿಸಿದರು, ಟಕ್. ನ್ಯೂಟ್ರಲ್ ಬಿಚ್ಚದೆ ಬರೀ ಫೇಸ್ ಬಿಚ್ಚಿ ಪರೀಕ್ಷೆ ಮಾಡುವವರು ದಿನವಿಡೀ ಒದ್ದಾಡುತ್ತಾರಂತೆ. ನ್ಯೂಟ್ರಲ್ ಎಲ್ಲಾದರೂ ಅರ್ಥಿಗೆ ತಗುಲಿದ್ದರೂ ಆರ್‌ಸಿಸಿಬಿ ಬೀಳುತ್ತದೆ.

ಶಿಷ್ಯ ಮೆಗ್ಗರ್ ತೆಗೆದ. ಕೇಬಲ್ಲಿಗೆ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಎಂದು ಹೇಳುವ ಯಂತ್ರ. ಒಂದು ಮೆಗಾಓಮಿಗಿಂತ ಕೆಳಗೆ ಬಂದರೆ ಫೇಲ್. ಅದಕ್ಕೂ ಮೊದಲು ಎಲ್‌ಇಡಿ ಫಿಟ್ಟಿಂಗನ್ನು ಲೈನಿನಿಂದ ಬಿಡಿಸಿದ. ಬಿಡಿಸದೆ ಮೆಗ್ಗರ್ ಹಾಕಿದರೆ ಅದರೊಳಗಿನ ಡ್ರೈವರ್ ಸುಟ್ಟು ಒಂದು ರಿಪೇರಿ ಹೋಗಿ ಎರಡಾಗುತ್ತದೆ. ಐದನೇ ಕಂಬದ ಮುಳ್ಳು ಸೊನ್ನೆಯ ಹತ್ತಿರವೇ ತೂಕಡಿಸಿತು.

ಕಂಬದ ಬುಡದಲ್ಲಿ ಅಂಗೈ ಅಗಲದ ಕಿಂಡಿ ಇರುತ್ತದೆ, ಎರಡು ಸ್ಕ್ರೂ ಹಾಕಿದ ಮುಚ್ಚಳ. ನಮ್ಮದಕ್ಕೆ ಒಂದೇ ಸ್ಕ್ರೂ ಇತ್ತು, ಅದೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಬ್ಬಿಸಿದಾಗ ಮೊದಲು ಹೊರಬಂದದ್ದು ಕೆಂಪು ಮಣ್ಣು, ಅದರ ಹಿಂದೆ ಸಾಲಾಗಿ ಇರುವೆ. ಒಳಗೆ ಬೊಗಸೆ ನೀರು. ನೀರಿಗೆ ತಾಗುವಂತೆ ಒಂದು ಕಪ್ಪು ಗಂಟು. ಇನ್ಸುಲೇಷನ್ ಟೇಪು ನೆನೆದು ಉಬ್ಬಿ, ಅಂಟು ಬಿಟ್ಟು, ಬಾಳೆಸಿಪ್ಪೆಯಂತೆ ಸುಲಿದುಬಂತು. ಒಳಗೆ ಕೇಬಲ್ಲಿನ ಅಲ್ಯೂಮಿನಿಯಂ ತಂತಿಗೆ ಫಿಟ್ಟಿಂಗಿನ ತಾಮ್ರದ ತಂತಿಯನ್ನು ಕೈಯಲ್ಲಿ ತಿರುಚಿ ಜೋಡಿಸಿದ್ದರು. ಸಂದಿಯಲ್ಲಿ ವಿಭೂತಿ ಉದುರಿಸಿದ ಹಾಗೆ ಬಿಳಿ ಪುಡಿ. ಈ ಎರಡು ಲೋಹಗಳನ್ನು ಹಾಗೆ ಬೆಸೆದು ತೇವ ತಾಗಿಸಿದರೆ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ. ಜೋಡಣೆ ಸಡಿಲವಾಗಿ ಬಿಸಿಯಾಗುತ್ತದೆ, ಟೇಪು ಕರಗುತ್ತದೆ. ಅಲ್ಲೇ ಒಂದು ಹಲ್ಲಿಯೂ ಸತ್ತು ಒಣಗಿತ್ತು. ಅದಕ್ಕೆ ಜುಂ ಅಂದದ್ದು 'ಸ್ವಲ್ಪ' ಆಗಿರಲಾರದು.

ಇಷ್ಟಾದರೂ ಕಂಬಕ್ಕೆ ಅರ್ಥಿಂಗ್ ನೆಟ್ಟಗಿದ್ದಿದ್ದರೆ ಕೈಗೆ ಇಷ್ಟು ತಾಗುತ್ತಿರಲಿಲ್ಲ. ಅರ್ಥ್ ವೈರಿನ ಬೋಲ್ಟು ತುಕ್ಕು ಹಿಡಿದು ತುಂಡಾಗಿತ್ತು. ಅರ್ಥ್ ಪಿಟ್ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಹಳೇ ಫೋಟೋ ನೋಡಿ ಪತ್ತೆ ಹಚ್ಚಿದೆವು. ಪಾರ್ಕಿಂಗ್ ಚೆಂದ ಮಾಡುವಾಗ ಅದರ ಮೇಲೆ ಟೈಲ್ಸ್ ಹಾಕಿಸಿಬಿಟ್ಟಿದ್ದೆವು. ನೀರು ಕಾಣದೆ ಒಣಗಿ ಹೋಗಿತ್ತು. ಟೈಲ್ಸ್ ಒಡೆದು, ಪಿಟ್ ಹೊಸದಾಗಿ ಮಾಡಿಸಿ, ಆರೂ ಕಂಬಕ್ಕೆ ಅರ್ಥ್ ಪಟ್ಟಿ ಎಳೆಸಿದ್ದಾಯಿತು. ಜಾಯಿಂಟುಗಳಿಗೆ ಎರಡೂ ಲೋಹಕ್ಕೆ ಒಗ್ಗುವ ಕನೆಕ್ಟರ್ ಹಾಕಿ, ನೀರು ಹೋಗದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನೆಲದಿಂದ ಒಂದಡಿ ಮೇಲೆ ತೂಗುಹಾಕಿದರು. ಕಿಂಡಿಗೆಲ್ಲ ಸಿಲಿಕಾನ್ ಮೆತ್ತಲು ಹೊರಟ ನನ್ನನ್ನು ಮೇಷ್ಟ್ರು ತಡೆದರು. ಮೇಲಿನಿಂದ ಇಳಿದ ನೀರು ಕೆಳಗೆ ಹರಿದುಹೋಗಲು ದಾರಿ ಬೇಕು.

ಸಂಜೆ ದೀಪ ಹತ್ತಿತು. ಒಂಬತ್ತಕ್ಕೆ ಮಳೆ ಬಂತು. ಒಂಬತ್ತೂ ಹತ್ತಕ್ಕೆ ಟಕ್.

ಮೇಷ್ಟ್ರು ನಿದ್ದೆಯಿಂದೆದ್ದು ಬಂದರೂ ನಗುತ್ತಿದ್ದರು. "ನಾಯಿ ಕೆಲಸ ಮಾಡ್ತಿದೆ ಬಿಡಿ." ಬೆಳಿಗ್ಗೆ ಸಾಚಾ ಎನಿಸಿಕೊಂಡಿದ್ದ ಮೊದಲ ಮೂರರಲ್ಲಿ ಎರಡನೇ ಕಂಬ ಸಿಕ್ಕಿಬಿತ್ತು. ಅದರ ಕಿಂಡಿಯಿಂದ ಒಂದು ತೆಳು ಜೋಡಿ ವೈರು ಹೊರಬಂದು ಕಣಗಿಲೆ ಪೊದೆಯೊಳಗೆ ಮಾಯವಾಗಿತ್ತು. ಹೋದ ವರ್ಷದ ಗಣೇಶನ ಸೀರಿಯಲ್ ಸೆಟ್ಟಿಗೆ ಎಳೆದದ್ದು. ಹಬ್ಬ ಮುಗಿದ ಮೇಲೆ ದೀಪದ ಸರ ಬಿಚ್ಚಿದವರು ವೈರನ್ನು ಬಿಟ್ಟುಹೋಗಿದ್ದರು. ಲೈನಿನ ಕಡೆಯ ತುದಿಯನ್ನು ಮಾತ್ರ ಬಿಚ್ಚಿರಲಿಲ್ಲ! ಕತ್ತರಿಸಿದ ತುದಿಗೆ ಟೇಪೂ ಇಲ್ಲ. ಪೊದೆ ಒಣಗಿದ್ದಾಗ ಸುಮ್ಮನಿರುತ್ತದೆ, ನೆನೆದಾಗ ಸೋರುತ್ತದೆ. ಆ ವರ್ಷದ ಗಣೇಶೋತ್ಸವ ಸಮಿತಿಯ ಖಜಾಂಚಿ ಯಾರೆಂದು ವಿಚಾರಣೆ ನಡೆಯಿತು. ನಾನೇ.

ಈ ಕಥೆ ಹೇಳತೊಡಗಿದ ಮೇಲೆ ಗೆಳೆಯರು ತಮ್ಮ ತಮ್ಮ ಕಂಬಗಳ ಪುರಾಣ ಬಿಚ್ಚಿದರು. ವಿಜಯನಗರದ ಒಬ್ಬರ ಪಾರ್ಕಿಂಗ್ ದೀಪ ಬೆಳಿಗ್ಗೆ ಹತ್ತಾದರೂ ಉರಿಯುತ್ತಿತ್ತು, ಸಂಜೆ ಹತ್ತುತ್ತಿದ್ದುದು ರಾತ್ರಿ ಹತ್ತಕ್ಕೆ. ಬ್ಯಾಟರಿ ಇಲ್ಲದ ಟೈಮರ್ ಅದು. ಎಷ್ಟು ಹೊತ್ತು ಕರೆಂಟು ಹೋಯಿತೋ ಅಷ್ಟು ಹೊತ್ತು ಅದರ ಗಡಿಯಾರವೂ ನಿಂತಿರುತ್ತದೆ. ಆರು ತಿಂಗಳ ಪವರ್ ಕಟ್ಟನ್ನೆಲ್ಲ ಅದು ಪ್ರಾಮಾಣಿಕವಾಗಿ ಕೂಡಿಟ್ಟಿತ್ತು. ಗಡಿಯಾರ ಸರಿ ಇದ್ದರೂ ವರ್ಷಪೂರ್ತಿ ಒಂದೇ ವೇಳೆಗೆ ಇಡುವಂತಿಲ್ಲ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ 5.50ರ ಸುಮಾರಿಗೆ ಮುಳುಗಿದರೆ ಜುಲೈ ಮೊದಲ ವಾರದಲ್ಲಿ 6.50ರ ತನಕ ಇರುತ್ತಾನೆ.

ಕೆಂಗೇರಿ ಉಪನಗರದ ಗೆಳೆಯನದು ಇನ್ನೂ ತಮಾಷೆ. ಕತ್ತಲಾದರೆ ದೀಪ ಹಚ್ಚುವ ಸೆನ್ಸರ್ ಇರುವ ಕಂಬ. ದೀಪ ಹತ್ತುವುದು, ನಿಮಿಷಕ್ಕೆ ಆರುವುದು, ಮತ್ತೆ ಹತ್ತುವುದು. ಮೂರು ಫಿಟ್ಟಿಂಗ್ ಬದಲಾಯಿಸಿದರು. ನೋಡಿದರೆ ಎದುರಿನ ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ದೀಪ ಹತ್ತಿದೊಡನೆ ಗೋಡೆಯ ಬೆಳಕು ಸೆನ್ಸರಿನ ಕಣ್ಣಿಗೆ ಬೀಳುತ್ತದೆ. ಬೆಳಗಾಯಿತು ಎಂದುಕೊಂಡು ಅದು ಆರಿಸುತ್ತದೆ. ಆರಿದರೆ ರಾತ್ರಿ. ಸೆನ್ಸರಿನ ಮುಖ ಗೋಡೆಯಿಂದ ಆಚೆಗೆ ತಿರುಗಿಸಿದ್ದಕ್ಕೆ ಬಿಲ್ಲೂ ಆಗಲಿಲ್ಲ. ಪಕ್ಕದ ಬೀದಿಯವರದು ಹಳೇ ಸೋಡಿಯಂ ದೀಪ, ಅದೂ ಹೀಗೇ ಕೆಲವು ನಿಮಿಷಕ್ಕೊಮ್ಮೆ ಆರಿ ಹತ್ತುತ್ತಿತ್ತು. ಅಲ್ಲಿ ಮಾತ್ರ ತಪ್ಪು ಬಲ್ಬಿನದೇ. ಸೋಡಿಯಂ ದೀಪ ಮುದಿಯಾದರೆ ಹಾಗೆ ಮಾಡುತ್ತದೆ.

ರಾಜಾಜಿನಗರದ ಸಂಗತಿ ತಮಾಷೆಯದಲ್ಲ. ಮೂರು ಫೇಸಿನ ಲೈನು, ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲ. ನ್ಯೂಟ್ರಲ್ ಕಳಚಿದಾಗ ಲೋಡ್ ಕಡಿಮೆ ಇರುವ ಫೇಸಿಗೆ 230ರ ಬದಲು 400ರ ಹತ್ತಿರ ಹೋಗಬಹುದು. ಕೆಲವು ದೀಪ ಮಂಕಾಗಿ, ಕೆಲವು ಕಣ್ಣು ಕುಕ್ಕುವಂತೆ ಉರಿದು, ಒಂದೇ ಸಂಜೆಗೆ ಎಂಟು ಡ್ರೈವರ್ ಸುಟ್ಟವು. ದೀಪ ಒಂದು ಕಡೆ ಮಂಕು, ಇನ್ನೊಂದು ಕಡೆ ಝಗ ಅಂದರೆ ಫಿಟ್ಟಿಂಗ್ ಬದಲಾಯಿಸಲು ಹೋಗಬೇಡಿ, ಮೇನ್ ಆಫ್ ಮಾಡಿ.

ಮಲ್ಲೇಶ್ವರದ ಆಚೆಗೆ 1936ರಲ್ಲಿ ಶುರುವಾದ ಮೈಸೂರ್ ಲ್ಯಾಂಪ್ಸ್ ಕಾರ್ಖಾನೆ ಇತ್ತು. ಅದರ ಬಲ್ಬು ಹೋಯಿತೆಂದರೆ ಹೋಯಿತು, ಅಲ್ಲಾಡಿಸಿದರೆ ಸದ್ದು, ಹೊಸದು ಹಾಕಿದರೆ ಮುಗಿಯಿತು. ಈಗಿನ ಎಲ್‌ಇಡಿಯಲ್ಲಿ ಬೆಳಕು ಕೊಡುವ ಭಾಗ ಗಟ್ಟಿ ಇರುತ್ತದೆ, ಅದಕ್ಕೆ ಕರೆಂಟು ಹದ ಮಾಡುವ ಡ್ರೈವರ್ ಮೊದಲು ಸಾಯುತ್ತದೆ. ಸಿಡಿಲು, ಏರುಪೇರು, ಸೆಕೆ ಯಾವುದೂ ಅದಕ್ಕೆ ಆಗದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ವ್ಯಾಟ್ ಒಂದನ್ನೇ ಕೇಳಿ ಅಗ್ಗದ್ದನ್ನು ತರುವವರು ಸರ್ಜ್ ಪ್ರೊಟೆಕ್ಷನ್ ಇದೆಯೇ, ಐಪಿ 65 ಅಥವಾ 66 ಎಂದು ಬರೆದಿದೆಯೇ ಅನ್ನುವುದನ್ನೂ ಕೇಳಿ. ಮಳೆಗೆ ನಿಲ್ಲುವ ದೀಪ ಅಂದರೆ ಅದು.

ಇನ್ನು ಟೆಸ್ಟರ್. ನಮ್ಮ ಎರಡನೇ ಎಲೆಕ್ಟ್ರಿಷಿಯನ್ನನ್ನು ಆಮೇಲೆ ಕರೆದು ಕೇಳಿದಾಗ ಅವನು ಹೇಳಿದ್ದು: "ಟೆಸ್ಟರ್ ಸ್ವಲ್ಪ ಹತ್ತಿತ್ತು ಸಾರ್, ಇಂಡಕ್ಷನ್ ಅಂತ ಬಿಟ್ಟೆ." ಮತ್ತೆ ಅದೇ 'ಸ್ವಲ್ಪ'. ನಿರುಪದ್ರವಿ ವೋಲ್ಟೇಜಿಗೂ ಟೆಸ್ಟರ್ ಮಿಣುಕುತ್ತದೆ ನಿಜ. ನೀವು ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೆ ನಿಜವಾದ ಕರೆಂಟಿಗೂ ಸರಿಯಾಗಿ ಮಿಣುಕದೆ ಇರಬಹುದು. ಕಂಬದ ಮೇಲಿನ ಅನುಮಾನವನ್ನು ಹತ್ತು ರೂಪಾಯಿಯ ದೀಪದ ಮಾತಿಗೆ ಬಿಡಬಾರದು. ಮೇಷ್ಟ್ರು ಒದ್ದೆ ನೆಲಕ್ಕೆ ಒಂದು ಸರಳು ಚುಚ್ಚಿ, ಸರಳಿಗೂ ಕಂಬಕ್ಕೂ ಮಧ್ಯೆ ಮಲ್ಟಿಮೀಟರ್ ಹಿಡಿದಿದ್ದರು. ತೊಂಬತ್ತು ಚಿಲ್ಲರೆ ವೋಲ್ಟ್ ತೋರಿಸಿತ್ತು.

ಕಾಂಪೌಂಡಿನಿಂದ ಆಚೆ ಬಂದರೆ ಕಂಬ ಯಾರದು ಎಂಬ ಪ್ರಶ್ನೆ. ಏಷ್ಯಾದಲ್ಲೇ ಮೊದಲು ಎಂದು ನಾವು ಹೇಳಿಕೊಳ್ಳುವ ವಿದ್ಯುತ್ ಬೀದಿದೀಪ 1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ ಬಳಿ ಹತ್ತಿತು, ಶಿವನಸಮುದ್ರದ ಕರೆಂಟಿನಿಂದ. 120 ವರ್ಷ ಕಳೆದರೂ ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕೆಂದು ಬೀದಿಯವರಿಗೆ ಗೊತ್ತಿರುವುದಿಲ್ಲ. ಬೆಸ್ಕಾಂನವರು ಕರೆಂಟು ಕೊಡುತ್ತಾರೆ, ದೀಪ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ನಮ್ಮ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಬೋರ್ಡಿನ ಹೆಸರು ಬದಲಾಯಿತು, ಕಂಬಕ್ಕೆ ಸುತ್ತಿದ ಕೇಬಲ್ ಟಿವಿ ವೈರು ಹಾಗೇ ಇದೆ. ದೀಪ ಆರಿದ್ದರೆ ಪಾಲಿಕೆಯ 1533ಕ್ಕೆ ಹೇಳಿ. ಕಂಬ ಶಾಕ್ ಹೊಡೆಯುತ್ತಿದ್ದರೆ, ತಂತಿ ಜೋತುಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ಮೊದಲು, ಯಾರದೆಂಬ ವಿಚಾರಣೆ ಆಮೇಲೆ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನೂ ಹೇಳಿ. ಪವರ್‌ಮನ್ ಬರುವವರೆಗೆ ಅಲ್ಲೊಬ್ಬರು ನಿಂತು ಜನರನ್ನು ದೂರ ಇಡಬೇಕು. ನಾವು ಸಾಮಾನ್ಯವಾಗಿ ಫೋಟೋ ತೆಗೆದು ಹೊರಟುಹೋಗುತ್ತೇವೆ.

ಮೀಟರಿನಿಂದ ಈಚೆಗೆ ಇರುವುದೆಲ್ಲ ನಮ್ಮದೇ. ಅದನ್ನು ನೀವೇ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ, ಬಿಚ್ಚಬೇಡಿ. ಲೈಸೆನ್ಸ್ ಇದ್ದವರನ್ನು ಕರೆಸಿ. ಆದರೆ ಅವರು "ಡೈರೆಕ್ಟ್ ಕೊಟ್ಟಿದೀನಿ" ಎಂದರೆ ದುಡ್ಡು ಕೊಡಬೇಡಿ. ಹಾಗೆ ಹೇಳುವವರಿಗಿಂತ ಹೇಳಿಸಿಕೊಂಡು ಚಪ್ಪಾಳೆ ಹೊಡೆಯುವ ನಮ್ಮಂಥವರದೇ ಹೆಚ್ಚು ತಪ್ಪು. ಕತ್ತಲಾದ ಪಾರ್ಕಿಂಗಿನ ದೂರು ಹತ್ತು ಬರುತ್ತವೆ, ಜುಂ ಅನ್ನುವ ಕಂಬದ ದೂರು ವಾಚ್‌ಮನ್ ಒಬ್ಬನಿಂದ ಬರುತ್ತದೆ, ಅದೂ ಅಳುಕುತ್ತ.

ಆರ್‌ಸಿಸಿಬಿಯ ಮೇಲೆ ಇಂಗ್ಲಿಷಿನ ಟಿ ಅಕ್ಷರ ಬರೆದ ಒಂದು ಸಣ್ಣ ಗುಂಡಿ ಇರುತ್ತದೆ. ಮಳೆಗಾಲಕ್ಕೆ ಮುಂಚೆ, ಆಮೇಲೆ ತಿಂಗಳಿಗೊಮ್ಮೆ ಒತ್ತಿ ನೋಡಿ. ಅದರಿಂದ ಅರ್ಥಿಂಗ್ ಸರಿ ಇದೆಯೇ ಎಂಬುದು ಗೊತ್ತಾಗುವುದಿಲ್ಲ, ನಾಯಿ ಎಚ್ಚರ ಇದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ಒತ್ತಿದ ಕೂಡಲೇ ಟಕ್ ಅಂತ ಬಿದ್ದರೆ ಸರಿ. ಬೀಳದಿದ್ದರೆ ಇವತ್ತೇ ಆ ಲೈನಿನ ಮೇನ್ ಆಫ್ ಮಾಡಿ, ಮಕ್ಕಳಿಗೆ ಬೇರೆ ವಿಕೆಟ್ಟು ನೆಟ್ಟುಕೊಡಿ.